ಕೋಳಿ ಪಂಚಾಂಗದಲ್ಲಿ ಹಾಕಿ

ಹಾಕಿಯ ಗಂಧಗಾಳಿ ಇಲ್ಲದೆಯೂ ಭಾರತದ ಹಾಕಿ ತಂಡಕ್ಕಾಗಿ ಸೊಂಟ ಉಳುಕಿಸಿಕೊಂಡವರು ಯಾರಾದರೂ ಇದ್ದರೆ ಅದು ನಮ್ಮ ಭಾವ, ಅಂದರೆ ನನ್ನ ಗಂಡನ ಅಣ್ಣ. ಬ್ರಹ್ಮಾವರದಿಂದ ಬೈಂದೂರಿನವರೆಗೆ ಬಸ್ಸು ಹತ್ತಿ ಇಳಿದು ಹುಡುಕಿ, ಇನ್ನೊಬ್ಬರು ಸಿಕ್ಕರೆ ನನಗೂ ತಿಳಿಸಿ!

ಹಾಕಿ ಗೊತ್ತಿದ್ದದ್ದು ಅವರ ಹೆಂಡತಿಗೆ, ನಾನು ಅಕ್ಕ ಎನ್ನುವವರಿಗೆ. ಕುಂದಾಪುರದಲ್ಲಿ ಕಾಲೇಜಿಗೆ ಹೋಗುವಾಗ ಗೋಲು ಕಾದವರು. ಹೋದ ಮಳೆಗಾಲ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಪಾಚಿಗೆ ಜಾರಿ ಕಾಲು ಮುರಿದುಕೊಂಡರು. ಪ್ಲಾಸ್ಟರು ಹಾಕಿದ್ದು ಕಾಲಿಗೆ, ಮುಚ್ಚಿಹೋದದ್ದು ಬಾಯಿ! ಗಂಜಿಗೆ ತುಪ್ಪ ಬಿಟ್ಟೆ, ಬಂಗುಡೆ ಹುರಿದೆ; ತಟ್ಟೆ ಹೋದ ಹಾಗೇ ವಾಪಸು. ಹೀಗೇ ಉಪವಾಸ ಕೂತರೆ ಎಲುಬು ಕೂಡುವುದು ಹೇಗೆಂದು ಡಾಕ್ಟರು ಗದರಿದರು. ಭಾವ ಅಡುಗೆಮನೆ ಬಾಗಿಲಲ್ಲಿ ನಿಂತು ತಟ್ಟೆ ನೋಡಿ ಹೋಗುತ್ತಿದ್ದರು.

ಅಷ್ಟರಲ್ಲಿ ಟಿವಿಯಲ್ಲಿ ದೇಶದೇಶಗಳ ಗಂಡಸರ ಹಾಕಿ ಪಂದ್ಯಾವಳಿ ಶುರುವಾಯಿತು. ಮೊದಲ ಆಟ ಭಾರತ ಗೆದ್ದಿತು, ಅಕ್ಕ ಇನ್ನೊಂದು ಸೌಟು ಗಂಜಿ ಕೇಳಿದರು. ಮುಂದಿನ ಆಟ ಸೋತಿತು, ಅಕ್ಕ ಮುಸುಕೆಳೆದು ಮಲಗಿದರು. ಭಾವನಿಗೆ ಸೂತ್ರ ಸಿಕ್ಕಿಬಿಟ್ಟಿತು: ಇವಳು ಉಣ್ಣಬೇಕಾದರೆ ಭಾರತ ಗೆಲ್ಲಬೇಕು!

ಗೆಲ್ಲಿಸುವುದು ಹೇಗೆ? ಭಾವನಿಗೆ ಗೊತ್ತಿದ್ದ ಗೆಲುವಿನ ಶಾಸ್ತ್ರ ಒಂದೇ, ಕೋಳಿ ಪಂಚಾಂಗ. ಯಾವ ದಿನ, ಯಾವ ಬಣ್ಣದ ಕೋಳಿಯನ್ನು ಯಾವ ದಿಕ್ಕಿನಿಂದ ಅಂಕಕ್ಕೆ, ಅಂದರೆ ಕೋಳಿ ಕಾಳಗಕ್ಕೆ, ಬಿಟ್ಟರೆ ಗೆಲ್ಲುತ್ತದೆಂದು ಹೇಳುವ ಪುಸ್ತಕ. ಕೋಳಿ ಅಂಕಕ್ಕೆ ಹೋಗುವುದು ಬಿಟ್ಟು ವರ್ಷಗಳಾದರೂ ಪಂಚಾಂಗ ಮಾತ್ರ ಹೊಸತು ತರುತ್ತಿದ್ದರು. ಕನ್ನಡಕ ಏರಿಸಿ ನೋಡಿ ತೀರ್ಪು ಕೊಟ್ಟರು. "ಇವತ್ತ್ ನೀಲಿ ಪಡುಬದಿಂದ ಬಂದ್ರೆ ಗೆಲ್ಲತ್ತ್."

ಬಡಗು, ಅಂದರೆ ಉತ್ತರದ ಗೋಡೆಯ ಟಿವಿಯಲ್ಲಿ ಎಡಗಡೆಯೇ ಪಡು, ಪಶ್ಚಿಮ. ನೀಲಿ ಅಂಗಿಯ ನಮ್ಮವರು ಎಡದಿಂದಲೇ ನುಗ್ಗುತ್ತಿದ್ದರು, ಸರಿಯಾಯಿತು. ಆದರೆ ಅರ್ಧ ಆಟ ಮುಗಿದ ಮೇಲೆ ತಂಡಗಳು ಬದಿ ಬದಲಿಸಬೇಕೇ! ನಮ್ಮವರು ಮೂಡಿನಿಂದ ಬರತೊಡಗಿದರು. ಭಾವ ಟಿವಿ ಕಿತ್ತು ತೆಂಕು ಗೋಡೆಗೆ ಹೊತ್ತರು. ಟಿವಿ ತಿರುಗಿದರೆ ಅಕ್ಕನ ಮಂಚ ತಿರುಗಬೇಡವೇ? ತಲೆಯ ಕಡೆ ಭಾವ, ಕಾಲಿನ ಕಡೆ ನಮ್ಮನೆಯವರು, ಹಿಂದೆ ಮೀನಿನ ಕೈಯಲ್ಲೇ ವಯರು ಹಿಡಿದ ನಾನು. ಅಕ್ಕ ಪಲ್ಲಕ್ಕಿಯಲ್ಲಿ ಕೂತಂತೆ ಗಂಭೀರ! ಅಂದು ಭಾರತ ಗೆದ್ದೂಬಿಟ್ಟಿತು. ಇನ್ನು ಹೇಳಬೇಕೇ?

ಆಮೇಲೆ ಪ್ರತಿ ಆಟದ ನಡುವೆಯೂ ನಮ್ಮ ಚಾವಡಿ ಗುಳೆ ಹೊರಡುತ್ತಿತ್ತು. ಮನೆ ಖಾಲಿ ಮಾಡುತ್ತಿದ್ದೀರಾ ಎಂದು ವಿಚಾರಿಸಲು ಬಂದ ಪಕ್ಕದ ಮನೆಯವರ ಕೈಗೂ ಭಾವ ಮಂಚದ ಒಂದು ಮೂಲೆ ಕೊಟ್ಟರು. ಒಂದು ದಿನ ಎಲ್ಲ ದಿಕ್ಕು ಸರಿ ಮಾಡಿ ಕೂತರೆ ಭಾರತದವರು ಬಿಳಿ ಅಂಗಿ ತೊಟ್ಟು ಬಂದರು.

"ಗರಿ ಬದಲ್ಸು ಕೋಳಿ ಎಲ್ಲಾರೂ ಇತ್ತಾ ಮಾರಾಯ್ತಿ?" ಎಂದು ಭಾವ ಅಕ್ಕನ ಮೇಲೇ ರೇಗಿದರು. ಬಿಳಿಯ ಪುಟ ಹುಡುಕುವಷ್ಟರಲ್ಲಿ ಎರಡು ಗೋಲು ಬಿದ್ದಿತ್ತು. ಪುಣ್ಯಕ್ಕೆ ನಮ್ಮದೇ!

ಫೈನಲ್ಲಿನ ದಿನ ಎದುರಿಗೆ ಕೆಂಪಂಗಿ. ಪಂಚಾಂಗದಲ್ಲಿ ನೀಲಿಗೆ ಯಾವ ದಿಕ್ಕೂ ಇರಲಿಲ್ಲ. ಅಕ್ಕನಿಗೆ ಹೇಳಬೇಡ ಎಂದು ಭಾವ ನನಗೆ ಕಣ್ಣಲ್ಲೇ ಸನ್ನೆ ಮಾಡಿದರು. ಕೆಂಪಂಗಿಯವರ ಮೊದಲ ಗೋಲು ಬೀಳುತ್ತಲೇ ಟಿವಿಯನ್ನು ಎದೆಗವಚಿಕೊಂಡು ಎದ್ದರು. ಮೂಡು, ತೆಂಕು, ಪಡು, ಬಡಗು; ಮೂಲೆಗಳನ್ನೂ ಬಿಡಲಿಲ್ಲ. ಒಮ್ಮೆಯಂತೂ ಭಾರತ ನಮ್ಮ ಬಚ್ಚಲಿನ ಕಡೆಯಿಂದ ದಾಳಿ ಮಾಡಿತು! ಎಷ್ಟು ತಿರುಗಿದರೂ ಗೋಲು ಮಾತ್ರ ಕೆಂಪಂಗಿಯವರದ್ದೇ.

ಆಟ ಮುಗಿಯಿತು. ಭಾರತ ಸೋತಿತ್ತು. ನಾನು ಗಂಜಿ ಬಡಿಸಲು ಏಳಲೇ ಇಲ್ಲ. ಬೆವರಿಳಿಯುತ್ತಿದ್ದ ಭಾವ ಟಿವಿ ಹೊತ್ತೇ ನಿಂತಿದ್ದರು. ಕೆಳಗಿಟ್ಟರೆ ಅಕ್ಕನ ಮುಖ ನೋಡಬೇಕಲ್ಲ!

"ಹ್ವಾಯ್, ಅದನ್ನ್ ಕೆಳಗ್ ಇಡಿ," ಅಂದರು ಅಕ್ಕ. "ಸೋಲ್ತ್ ಅಂದೇಳಿ ನಂಗೆ ಆಗಳೇ ಗೊತ್ತಾಯ್ತ್. ಮತ್ತೆ ನಾ ಕಂಡದ್ದ್ ನಿಮ್ಮನ್ನೇ."

ನನ್ನ ಕಡೆ ತಿರುಗಿ ಹೇಳಿದರು, "ಗಂಜಿ ಹಾಕ್ಕಂಡ್ ಬಾ. ಇವ್ರಿಗೂ ಹಾಕ್. ನಾ ಬಿದ್ದಾಗಳಿಂದ ಇವ್ರೂ ಸಮ ಉಣ್ಲಿಲ್ಲ."

ಭಾವ ಟಿವಿ ಇಳಿಸಿದರು. ಅಕ್ಕ ಪ್ಲಾಸ್ಟರಿನ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಸರಿಸಿ, ಮಂಚದಲ್ಲಿ ಅವರಿಗೆ ಜಾಗ ಮಾಡಿದರು.