ದೊಡ್ಡಪ್ಪ ಒಲೆ ಮುಟ್ಟಲಿಲ್ಲ

ನಮ್ಮ ದೊಡ್ಡಪ್ಪನಿಗೆ ಅಡುಗೆ ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಜಗಳಕ್ಕೇ ಹೋಗುತ್ತೇನೆ. ಬರುತ್ತದೆ ಸ್ವಾಮಿ, ಚೆನ್ನಾಗಿಯೇ ಬರುತ್ತದೆ! ಆದರೆ ಬರುವುದು ಒಂದೇ ಒಂದು ತಿಂಡಿ. ಅದು ಮೆಕ್ಸಿಕೋ ದೇಶದ್ದು. ಅದನ್ನು ಅವರು ಮಾಡುವುದು ಅಡುಗೆಮನೆಯಲ್ಲಲ್ಲ, ನಡುಮನೆಯಲ್ಲಿ. ಉಪ್ಪಿಟ್ಟಿಗೆ ನೀರು ಎಷ್ಟು ಇಡಬೇಕು ಎಂದು ತಿಳಿಯದ ಮನುಷ್ಯ ಚಿಕ್ಕಬಳ್ಳಾಪುರದಲ್ಲಿ ಕುಳಿತು ನೇರವಾಗಿ ಮೆಕ್ಸಿಕೋಗೆ ಹಾರಿದ್ದು ಹೇಗೆ ಎನ್ನುತ್ತೀರಾ? ಅದಕ್ಕೆ ಮೊದಲು ಅವರ ಸ್ವಭಾವ ಸ್ವಲ್ಪ ಗೊತ್ತಿರಬೇಕು.

ದೊಡ್ಡಪ್ಪ ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿ ನಿವೃತ್ತರಾದವರು. ಅವರಿಗೆ ನಿಯಮ ಎಂದರೆ ನಿಯಮ, ಅದರ ಅಕ್ಷರಕ್ಕೆ ಅಕ್ಷರ ಪಾಲನೆಯಾಗಬೇಕು. ಒಮ್ಮೆ ಬಸ್‌ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ಬೋರ್ಡು ಬರೆಯುವವನೊಬ್ಬ ಯಾವುದೋ ದೇವಸ್ಥಾನಕ್ಕೆಂದು ಬರೆದ 'ಪಾದರಕ್ಷೆಗಳನ್ನು ಇಲ್ಲೇ ಬಿಡಿ' ಎಂಬ ಬೋರ್ಡನ್ನು ಒಣಗಲೆಂದು ಫುಟ್‌ಪಾತಿನ ಮೇಲೆ ನಿಲ್ಲಿಸಿದ್ದ. ದೊಡ್ಡಪ್ಪ ಅಲ್ಲೇ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಬಸ್ ಹತ್ತಿ, ಶಾಲೆ ಮುಗಿಸಿಕೊಂಡು ಬಂದರು. ಸಂಜೆ ಬೋರ್ಡೂ ಇರಲಿಲ್ಲ, ಚಪ್ಪಲಿಯೂ ಇರಲಿಲ್ಲ.

"ಅಲ್ಲಿ ದೇವಸ್ಥಾನವೇ ಇಲ್ವಲ್ಲ ದೊಡ್ಡಪ್ಪ?" ಎಂದು ನಾನು ಕೇಳಿದ್ದಕ್ಕೆ, "ಇರಲಿ ಬಿಡಮ್ಮ, ಬರೆದಿತ್ತಲ್ಲ" ಎಂದರು.

ಇಂಥವರು ಒಂದು ದಿನ ತಾವೇ ಕಾಫಿ ಮಾಡಿಕೊಳ್ಳುತ್ತೇನೆಂದು ಒಲೆಯ ಮೇಲೆ ನೀರಿಟ್ಟು, ಪೇಪರಿನ ಪದಬಂಧ ಹಿಡಿದು ಜಗಲಿಗೆ ಹೋದರು. ನೀರು ಕುದಿಯಿತು, ಆವಿಯಾಯಿತು, ಮುಗಿಯಿತು. ಪಾತ್ರೆಯ ತಳ ಸುಟ್ಟು ಕಮಟು ವಾಸನೆ ಬೀದಿಗೆಲ್ಲ ಹಬ್ಬಿತು. ಪಕ್ಕದ ಮನೆಯವರು ಬಂದು ಬಾಗಿಲು ತಟ್ಟಿದಾಗ ದೊಡ್ಡಪ್ಪ ಅವರನ್ನೇ "ನಾಲ್ಕಕ್ಷರ, ಬೆಂಕಿಗೆ ಇನ್ನೊಂದು ಹೆಸರು, ಏನಿರಬಹುದು?" ಎಂದು ಕೇಳಿದರಂತೆ. ಇದು ದೊಡ್ಡಮ್ಮ ಹೇಳುವುದು, ಅರ್ಧ ನಂಬಬಹುದು. ಅವತ್ತೇ ಅವರ ತೀರ್ಪು ಹೊರಬಿತ್ತು: "ಇನ್ಮೇಲೆ ನೀವು ಈ ಒಲೆ ಮುಟ್ಟಕೂಡದು."

ದೊಡ್ಡಪ್ಪ ಮುಟ್ಟಲಿಲ್ಲ. ಎಷ್ಟರ ಮಟ್ಟಿಗೆ ಎಂದರೆ, ಒಂದು ಬೆಳಿಗ್ಗೆ ದೊಡ್ಡಮ್ಮ ಸ್ನಾನಕ್ಕೆ ಹೋಗಿದ್ದಾಗ ಹಾಲು ಉಕ್ಕತೊಡಗಿತು. ದೊಡ್ಡಪ್ಪ ಒಲೆಯ ಪಕ್ಕದಲ್ಲೇ ನಿಂತಿದ್ದರು. ನಿಂತುಕೊಂಡೇ "ಉಕ್ತಾ ಇದೆ ಕಣೇ... ಈಗ ಅಂಚಿಗೆ ಬಂತು... ಈಗ ಹೊರಗೆ ಬಂತು" ಎಂದು ಬಚ್ಚಲಮನೆಯ ಕಡೆಗೆ ವರದಿ ಒಪ್ಪಿಸುತ್ತಿದ್ದರು. ನಾನು ಓಡಿ ಹೋಗಿ ಒಲೆ ಆರಿಸಿ, ಇದೇನು ದೊಡ್ಡಪ್ಪ ಎಂದರೆ, "ಆರಿಸೋದೂ ಮುಟ್ಟೋದೇ ಅಲ್ವೇನಮ್ಮ?" ಎಂದು ನನ್ನನ್ನೇ ಕೇಳಿದರು. ಏನು ಹೇಳೋಣ! ಲೆಕ್ಕದ ಪ್ರಕಾರ ಅವರದೇ ಸರಿ.

ಹೀಗೆ ನಡೆದುಕೊಂಡು ಹೋಗುತ್ತಿದ್ದ ಸಂಸಾರದಲ್ಲಿ ಕಳೆದ ಬೇಸಿಗೆಯಲ್ಲಿ ದೊಡ್ಡಮ್ಮ ಜಾರಿಬಿದ್ದರು. ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಟ್ಟಲು ತರಲು ತಿರುಗಿದವರು ಕಾಲು ಜಾರಿ ಬಲಗೈ ಊರಿಬಿಟ್ಟರು. ಮಣಿಕಟ್ಟಿನ ಮೂಳೆ ಮುರಿಯಿತು. ಬೆರಳಿನ ಬುಡದಿಂದ ಮೊಳಕೈವರೆಗೆ ಪ್ಲಾಸ್ಟರ್ ಬಂತು, ಕೈ ಕುತ್ತಿಗೆಯಿಂದ ಜೋತುಬಿತ್ತು. ಅಡುಗೆಗೆ ಒಬ್ಬಾಕೆ ಬರತೊಡಗಿದರು. ಅಲ್ಲಿಗೆ ಎಲ್ಲ ಸರಿಹೋಯಿತು ಎಂದು ನಾವು ಅಂದುಕೊಂಡೆವು.

ಸರಿಹೋಗಲಿಲ್ಲ. ದೊಡ್ಡಮ್ಮ ಊಟ ಬಿಟ್ಟರು. ಬಲಗೈ ಇಲ್ಲ, ಎಡಗೈಯಲ್ಲಿ ಅನ್ನ ಮುಟ್ಟುವವರಲ್ಲ. ಚಮಚ ಕೊಟ್ಟರೆ, "ಚಮಚ ಹಿಡಿಯೋದು ಯಾವ ಕೈ?" ಎಂದು ಕೇಳಿದರು. ಗೌರಿಬಿದನೂರಿನಿಂದ ಮಗಳು ಬಂದು ಒಂದು ವಾರ ಇದ್ದು, ಕಲಸಿ ತುತ್ತು ಮಾಡಿ ಬಾಯಿಯ ಹತ್ತಿರ ಹಿಡಿದಳು. ದೊಡ್ಡಮ್ಮ ತುಟಿ ಬಿಗಿಹಿಡಿದು ಮುಖ ತಿರುಗಿಸಿದರು. "ನಾನೇನು ಎಳೇ ಮಗುವಾ? ಕೈ ಸರಿಯಾಗ್ಲಿ, ತಿಂತೀನಿ." ನಾನೂ ಒಂದು ಕೈ ನೋಡಿದೆ. ನನಗಂತೂ "ನಿಂಗೆ ಕಾಲೇಜಿಗೆ ಹೊತ್ತಾಗ್ಲಿಲ್ವೇನೇ" ಎಂದು ಬಾಗಿಲು ತೋರಿಸಿದರು. ನಾನು ಪಕ್ಕದ ಬೀದಿಯಲ್ಲೇ ಇದ್ದು, ಊರಿನ ಡಿಗ್ರಿ ಕಾಲೇಜಿನ ಆಫೀಸಿನಲ್ಲಿ ಕೆಲಸ ಮಾಡುವವಳು. ಅವತ್ತು ಭಾನುವಾರ.

ಲೋಟದಲ್ಲಿ ಕುಡಿಯುವುದಕ್ಕೆ ಮಾತ್ರ ಹೇಗೋ ಮನಸ್ಸು ಒಪ್ಪಿತ್ತು. ಮಜ್ಜಿಗೆ, ಕಾಫಿ, ತೆಳ್ಳಗೆ ರಾಗಿ ಅಂಬಲಿ, ಅಷ್ಟರಲ್ಲೇ ದಿನ ಕಳೆಯಿತು. ಎಡಗೈಯ ಬಳೆಗಳು ಜಾರಿ ಜಾರಿ ಮೊಳಕೈ ತಲುಪಿದವು. ಪ್ಲಾಸ್ಟರ್ ತೋರಿಸಲು ಹೋದಾಗ ಡಾಕ್ಟರು, "ಹೀಗೆ ಬಡವಾದರೆ ಮೂಳೆ ಎಲ್ಲಿಂದ ಕೂಡತ್ತಮ್ಮ?" ಎಂದು ಗದರಿದರು. ದೊಡ್ಡಮ್ಮ ತಲೆಯಾಡಿಸಿ, ಮನೆಗೆ ಬಂದು, ಅರ್ಧ ಲೋಟ ಮಜ್ಜಿಗೆ ಕುಡಿದು ಮಲಗಿದರು.

ದೊಡ್ಡಪ್ಪ ಪದಬಂಧ ಬಿಟ್ಟರು. ಪೇಪರು ಮಡಿಸಿದ್ದು ಮಡಿಸಿದಂತೆಯೇ ಇರುತ್ತಿತ್ತು. ಒಂದು ಸಂಜೆ ನನ್ನನ್ನು ಜಗಲಿಗೆ ಕರೆದು, ಮೊಬೈಲು ಕೈಗಿತ್ತು, ಗುಟ್ಟು ಹೇಳುವವರಂತೆ ಹೇಳಿದರು.

"ಒಲೆ ಮುಟ್ಟದೆ ಮಾಡೋ ಅಂಥದ್ದು ಏನಾದ್ರೂ ಇದ್ರೆ ಹುಡುಕಿ ಕೊಡಮ್ಮ. ಮೆತ್ತಗಿರಬೇಕು. ಸ್ವಲ್ಪ ಹುಳಿ ಇರಬೇಕು, ಅವಳಿಗೆ ಹುಳಿ ಅಂದ್ರೆ ಇಷ್ಟ."

"ನೀವು ಮಾಡ್ತೀರಾ?"

"ಇನ್ಯಾರು ಮಾಡ್ತಾರೆ? ಬೇರೆಯವರ ಕೈದು ಅವಳು ತಿಂತಾ ಇಲ್ವಲ್ಲ."

ನಿಮ್ಮ ಕೈಯದನ್ನು ತಿನ್ನುತ್ತಾರೆ ಎಂದು ಯಾರು ಹೇಳಿದರು ಎಂಬ ಪ್ರಶ್ನೆ ನನ್ನ ಬಾಯಿಯವರೆಗೆ ಬಂತು. ಅವರ ಮುಖ ನೋಡಿ ನುಂಗಿಕೊಂಡೆ. ಹುಡುಕಿದೆ. ಮೆಕ್ಸಿಕೋದ ಹೆಂಗಸೊಬ್ಬಳು ಗಾಜಿನ ಪಾತ್ರೆಯಲ್ಲಿ ಬಿಸ್ಕೆಟ್ ಜೋಡಿಸಿ, ಅದರ ಮೇಲೆ ನಿಂಬೆಹಣ್ಣಿನ ರಸ ಸೇರಿಸಿದ ಗಟ್ಟಿ ಹಾಲು ಸುರಿದು, ಮತ್ತೆ ಬಿಸ್ಕೆಟ್, ಮತ್ತೆ ಹಾಲು, ಹೀಗೆ ಪದರ ಪದರವಾಗಿ ಕಟ್ಟಿ ಫ್ರಿಜ್ಜಿಗೆ ಇಡುವ ವಿಡಿಯೋ ಸಿಕ್ಕಿತು. ಅವರ ಕಡೆ ಅದನ್ನು ಕಾರ್ಲೋಟಾ ಎನ್ನುತ್ತಾರಂತೆ. ಆಕೆ ಮಾತಾಡುತ್ತಿದ್ದುದು ಸ್ಪ್ಯಾನಿಷ್. ದೊಡ್ಡಪ್ಪ ಅದನ್ನು ಮತ್ತೆ ಮತ್ತೆ ನೋಡಿದರು.

"ಏನಾದ್ರೂ ಅರ್ಥ ಆಯ್ತಾ ದೊಡ್ಡಪ್ಪ?"

"ಮಾತು ಯಾಕಮ್ಮ? ಕೈ ನೋಡಿದ್ರೆ ಸಾಕು. ಇದು ಅಡುಗೆ ಅಲ್ಲ, ರೇಖಾಗಣಿತ."

ಮರುದಿನ ಮಾರ್ಕೆಟ್ಟಿಗೆ ಹೋದೆವು. ದೊಡ್ಡಪ್ಪ ನಿಂಬೆಹಣ್ಣುಗಳನ್ನು ಒಂದೊಂದಾಗಿ ಹಲಗೆಯ ಮೇಲೆ ಉರುಳಿಸಿ, ಡೊಂಕಿಲ್ಲದೆ ಉರುಳಿದ್ದನ್ನು ಮಾತ್ರ ಆರಿಸಿಕೊಂಡರು. ಚೀಲ ತುಂಬುವುದನ್ನು ನೋಡುತ್ತಿದ್ದ ಅಂಗಡಿಯವನು ಭಕ್ತಿಯಿಂದ "ಏ ಗುಡಿಕಿ ಸಾರ್, ಯಾವ ಗುಡಿಗೆ? ಅಮ್ಮೋರಿಗೆ ಹಾರಾನಾ?" ಎಂದ. ನಮ್ಮ ಕಡೆ ಅಷ್ಟು ನಿಂಬೆಹಣ್ಣು ಕೊಳ್ಳುವವರು ದೇವಿಗೆ ಹಾರ ಹಾಕುವವರು, ಇಲ್ಲವೇ ಹೊಸ ಲಾರಿ ತಂದವರು. ದೊಡ್ಡಪ್ಪ ಸುಳ್ಳು ಹೇಳುವವರಲ್ಲ. "ನಮ್ಮನೆಯವರಿಗಪ್ಪ" ಎಂದರು. ಅಂಗಡಿಯವನು ನನ್ನ ಕಡೆ ತಿರುಗಿ ಮೆಲ್ಲಗೆ, "ಮೇಡಂಗೆ ಮೈಮೇಲೆ ಬರತ್ತಾ?" ಎಂದು ಕೇಳಿದ.

ದೊಡ್ಡಪ್ಪನ ಮನೆಯಲ್ಲಿ ಫ್ರಿಜ್ಜು ಇರುವುದು ನಡುಮನೆಯಲ್ಲಿ, ಟಿವಿಯ ಪಕ್ಕ. ಹಾಗಾಗಿ ಅಡುಗೆಮನೆಯ ಹೊಸಿಲು ದಾಟುವ ಅಗತ್ಯವೇ ಬೀಳಲಿಲ್ಲ. ಊಟದ ಮೇಜಿನ ಮೇಲೆ ಪೇಪರು ಹಾಸಿ, ತೋಳು ಮಡಿಸಿ, ಕನ್ನಡಕ ಒರೆಸಿಕೊಂಡು ನಿಂತರು. ಎದುರಿನ ಕುರ್ಚಿಯಲ್ಲಿ ಕಟ್ಟಿದ ಕೈ ಹೊತ್ತು ದೊಡ್ಡಮ್ಮ ಕುಳಿತಿದ್ದರು.

ಬಿಸ್ಕೆಟ್ ಡಬ್ಬಿ ನೋಡಿದಾಗ ದೊಡ್ಡಮ್ಮ ಏನೂ ಹೇಳಲಿಲ್ಲ. ಹಾಲು ಬಂದಾಗಲೂ ಹೇಳಲಿಲ್ಲ. ದೊಡ್ಡಪ್ಪ ಹಾಲಿನ ಮೇಲೆ ನಿಂಬೆಹಣ್ಣಿನ ಹೋಳು ಹಿಡಿದರು ನೋಡಿ, ಆಗ ದೊಡ್ಡಮ್ಮನ ಬೆನ್ನು ನೆಟ್ಟಗಾಯಿತು.

"ರೀ, ಏನು ಮಾಡ್ತಿದೀರಿ? ಹಾಲಿಗೆ ಹುಳಿ ಹಿಂಡ್ತಾರಾ ಯಾರಾದ್ರೂ? ಅದೂ ಶುಕ್ರವಾರ?"

"ಒಡೆಯಲ್ಲ ಕಣೇ. ಗಟ್ಟಿಯಾಗತ್ತೆ."

"ಹಾಲು ಹೇಗೆ ಒಡೆಯತ್ತೆ ಅಂತ ನನಗೆ ಹೇಳ್ಕೊಡ್ತೀರಾ?"

ದೊಡ್ಡಪ್ಪ ಹಿಂಡಿದರು. ಈಗ ತಪ್ಪು ಎಲ್ಲಾಯಿತೆಂದರೆ, ವಿಡಿಯೋದಾಕೆ ಎರಡು ಡಬ್ಬಿ ಹಾಲು ಹಾಕಿದ್ದಳು, ಒಂದು ಸಿಹಿಯಾದ ಗಟ್ಟಿ ಹಾಲು, ಇನ್ನೊಂದು ಸ್ವಲ್ಪ ತೆಳು. ತೆಳು ಹಾಲಿಗೆ ಡಬ್ಬಿ ಯಾಕೆ, ಹಾಲು ಅಂದರೆ ಹಾಲು ಎಂದು ದೊಡ್ಡಪ್ಪ, ಅಡುಗೆಯಾಕೆ ಬೆಳಿಗ್ಗೆ ಕಾಯಿಸಿಟ್ಟಿದ್ದ ಹಾಲನ್ನೇ ತರಿಸಿಕೊಂಡು, ಮೊದಲು ಅದಕ್ಕೇ ಹುಳಿ ಹಿಂಡಿದ್ದರು. ಅದು ಏನು ಮಾಡಬೇಕೋ ಅದನ್ನೇ ಮಾಡಿತು. ಬಿಳಿ ಗಟ್ಟಿ ಒಂದು ಕಡೆ, ಹಸಿರು ನೀರು ಒಂದು ಕಡೆ.

"ಒಡೀತಾ?" ಎಂದರು ದೊಡ್ಡಮ್ಮ.

"ಒಡೀತು" ಎಂದರು ದೊಡ್ಡಪ್ಪ.

ನಾನು ನಿಜ ಹೇಳುತ್ತೇನೆ, ಬಿದ್ದ ದಿನದಿಂದ ದೊಡ್ಡಮ್ಮನ ಮುಖದಲ್ಲಿ ಅಷ್ಟು ಸಂತೋಷ ನೋಡಿರಲಿಲ್ಲ. ಗಂಡ ತಪ್ಪು ಮಾಡಿದ್ದಾನೆ, ತಾನು ಮೊದಲೇ ಹೇಳಿಯೂ ಆಗಿದೆ, ಪಕ್ಕದಲ್ಲಿ ಸಾಕ್ಷಿಯೂ ಇದ್ದಾಳೆ. ಹೆಂಗಸಿಗೆ ಇನ್ನೇನು ಬೇಕು? ಒಡೆದ ಹಾಲನ್ನು ಬಟ್ಟೆಯಲ್ಲಿ ಸೋಸಿ ಪಲ್ಯಕ್ಕೆ ಹಾಕುವಂತೆ ಅಡುಗೆಯಾಕೆಗೆ ಕುರ್ಚಿಯಿಂದಲೇ ಅಪ್ಪಣೆ ಕೊಟ್ಟರು. ಪಲ್ಯವನ್ನು ಮಾತ್ರ ತಿನ್ನಲಿಲ್ಲ.

ದೊಡ್ಡಪ್ಪ ಸೋಲಲಿಲ್ಲ. "ತಪ್ಪು ಎರಡನೇ ಹಂತದಲ್ಲಿದೆ" ಎಂದು ಮರುದಿನ ಮತ್ತೆ ಮಾರ್ಕೆಟ್ಟಿಗೆ ಹೊರಟರು. ನಿಂಬೆಹಣ್ಣಿನ ಅಂಗಡಿಯವನು ನಮ್ಮನ್ನು ಕಂಡೊಡನೆ ಎದ್ದು ನಿಂತು ಕೈಮುಗಿದ. ತೆಳು ಹಾಲಿನ ಡಬ್ಬಿ ಊರಲ್ಲೆಲ್ಲೂ ಸಿಗದೆ, ಹಾಲಿನ ಪುಡಿ ತಂದು, ತಣ್ಣೀರಲ್ಲಿ ಗಟ್ಟಿಯಾಗಿ ಕಲಸಿ, ಸಿಹಿ ಡಬ್ಬಿಯ ಹಾಲಿನೊಳಗೆ ಬೆರೆಸಿಕೊಂಡು, ಆಮೇಲೆ ಸ್ವಲ್ಪ ಸ್ವಲ್ಪವೇ ಹುಳಿ ಹಾಕುತ್ತ ತಿರುವಿದರು. ಹಾಲು ಒಡೆಯಲಿಲ್ಲ. ತಿರುವಿದಂತೆ ದಪ್ಪವಾಗುತ್ತ ಬಂದು, ಸೌಟು ನಿಲ್ಲುವಷ್ಟು ಗಟ್ಟಿಯಾಯಿತು.

"ಒಡೀಲಿಲ್ವಾ?" ಎಂದರು ದೊಡ್ಡಮ್ಮ, ಸ್ವಲ್ಪ ನಿರಾಸೆಯಿಂದಲೇ. ಎದ್ದು ಬಂದು ಬಗ್ಗಿ ನೋಡಿದರು. "ಹೆಪ್ಪಾದ ಮೊಸರಿನ ಹಾಗಾಯ್ತಲ್ರೀ." ಇಷ್ಟು ವರ್ಷ ತಾನು ನಂಬಿದ್ದ ಹಾಲು ತನಗೇ ದ್ರೋಹ ಮಾಡಿತು ಎಂಬ ಭಾವ ಅವರ ಮುಖದಲ್ಲಿತ್ತು.

ಆಮೇಲೆ ಪದರಗಳು. ಅಂಚು ಮುರಿದ ಬಿಸ್ಕೆಟ್ಟುಗಳನ್ನು ದೊಡ್ಡಪ್ಪ ಒಪ್ಪಲಿಲ್ಲ, ಅವನ್ನು ತಿಂದು ಮುಗಿಸುವ ಹೊಣೆ ನನ್ನ ಮೇಲೆ ಬಿತ್ತು. ವೃತ್ತಗಳ ನಡುವೆ ಉಳಿಯುವ ಜಾಗಕ್ಕೆ ಏನು ಮಾಡಬೇಕೆಂದು ತುಂಬಾ ಹೊತ್ತು ಯೋಚಿಸಿದರು. "ಪುಡಿ ಮಾಡಿ ತುಂಬ್ರಿ, ಅದಕ್ಯಾಕೆ ಅಷ್ಟು ಧ್ಯಾನ?" ಎಂದು ಕುರ್ಚಿಯಿಂದ ಸಲಹೆ ಬಂತು. ತುಂಬಿದರು. ಪಾತ್ರೆ ಫ್ರಿಜ್ಜು ಸೇರಿತು. ದೊಡ್ಡಪ್ಪ ಕುರ್ಚಿ ಎಳೆದುಕೊಂಡು ಫ್ರಿಜ್ಜಿನ ಮುಂದೆ ಕಾವಲು ಕುಳಿತರು. ಮೊಸರು ಬೇಕೆಂದು ಬಂದ ಅಡುಗೆಯಾಕೆಯನ್ನು "ಸಂಜೆವರೆಗೂ ತೆಗೆಯೋ ಹಾಗಿಲ್ಲಮ್ಮ" ಎಂದು ವಾಪಸು ಕಳಿಸಿದರು.

ಮಧ್ಯಾಹ್ನ ಕರೆಂಟು ಹೋಯಿತು. ದೊಡ್ಡಪ್ಪ ಎದ್ದು, ಬೀರುವಿನಿಂದ ಉಣ್ಣೆಯ ಕಂಬಳಿ ತಂದು ಫ್ರಿಜ್ಜಿಗೆ ತಲೆಯಿಂದ ಹೊದಿಸಿ, ಗಾಳಿಯಾಡದಂತೆ ಸುತ್ತಲೂ ಸಿಕ್ಕಿಸಿದರು.

"ಅದಕ್ಕೇನು ಚಳಿಜ್ವರ ಬಂದಿದ್ಯಾ?" ಎಂದರು ದೊಡ್ಡಮ್ಮ.

"ಒಳಗಿನ ಚಳಿ ಹೊರಗೆ ಬರಬಾರದು ಅಂತ."

"ನನಗೂ ಇಷ್ಟು ಜೋಪಾನ ಮಾಡಿರ್ಲಿಲ್ಲ ಬಿಡಿ" ಎಂದು ದೊಡ್ಡಮ್ಮ ನನ್ನ ಕಡೆ ನೋಡಿ ನಕ್ಕರು. ದೊಡ್ಡಪ್ಪ ನಗಲಿಲ್ಲ, ಕಂಬಳಿಯ ತುದಿಯನ್ನು ಇನ್ನೊಮ್ಮೆ ಸರಿಮಾಡಿದರು.

ಕರೆಂಟು ಬಂತು, ಸಂಜೆಯೂ ಆಯಿತು. ಪಾತ್ರೆ ಹೊರಗೆ ತೆಗೆದು, ಚಾಕುವಿನಿಂದ ಕೊಯ್ದು, ಒಂದು ಹೋಳನ್ನು ತಟ್ಟೆಗೆ ಜಾರಿಸಿದರು. ಬಿಸ್ಕೆಟ್ಟು ನೆನೆದು ಮೆತ್ತಗಾಗಿ, ಬಿಳಿಯ ಮಧ್ಯೆ ಕಂದು ಗೆರೆಗಳು ಅಚ್ಚುಕಟ್ಟಾಗಿ ಕೂತಿದ್ದವು. ನನ್ನ ಪಾಲಿಗೆ ಬಂದಿದ್ದನ್ನು ನಾನು ಬಾಯಿಗಿಟ್ಟುಕೊಂಡೆ. ತಣ್ಣಗೆ, ಸಿಹಿ, ಆಮೇಲೆ ನಾಲಿಗೆಯ ಬದಿಗೆ ಚುರುಕ್ಕೆನ್ನುವ ಹುಳಿ. ಚೆನ್ನಾಗಿತ್ತು. ಇಷ್ಟು ಚೆನ್ನಾಗಿರುತ್ತದೆ ಎಂದು ನಾನು ಎಣಿಸಿರಲೇ ಇಲ್ಲ.

ದೊಡ್ಡಪ್ಪ ತಟ್ಟೆಯನ್ನು ದೊಡ್ಡಮ್ಮನ ಮುಂದಿನ ಸ್ಟೂಲಿನ ಮೇಲಿಟ್ಟು, ಚಮಚ ಪಕ್ಕದಲ್ಲಿಟ್ಟರು. ದೊಡ್ಡಮ್ಮ ತಟ್ಟೆ ನೋಡಿದರು. ಎಡಗೈ ಮಡಿಲಿನಲ್ಲೇ ಇತ್ತು.

"ನೋಡೋಕೆ ಚೆನ್ನಾಗಿದೆ. ಎತ್ತಿಟ್ಟಿರಿ. ಕೈ ಬಿಚ್ಚಿದ ಮೇಲೆ ತಿಂತೀನಿ."

"ಅಲ್ಲಿವರೆಗೂ ಇರಲ್ಲ ಕಣೇ."

"ಹಾಗಾದ್ರೆ ನೀವಿಬ್ರೂ ತಿನ್ನಿ."

ದೊಡ್ಡಪ್ಪ ಸ್ಟೂಲಿನ ಪಕ್ಕ ನೆಲದ ಮೇಲೆ ಕುಳಿತು, ಚಮಚದಲ್ಲಿ ಒಂದಿಷ್ಟು ತೆಗೆದು, ದೊಡ್ಡಮ್ಮನ ಬಾಯಿಯ ಹತ್ತಿರ ಹಿಡಿದರು. ಎಲ್ಲರೆದುರಿಗೆ ಹೆಂಡತಿಯ ಪಕ್ಕ ಕೂರಲೂ ಸಂಕೋಚಪಡುವ ಮನುಷ್ಯ.

ದೊಡ್ಡಮ್ಮ ಮುಖ ತಿರುಗಿಸುತ್ತಾರೆಂದು ನಾನು ಕಾದೆ. ಅವರು ಬೀದಿ ಬಾಗಿಲ ಕಡೆ ನೋಡಿದರು.

"ಆ ಬಾಗಿಲು ಸ್ವಲ್ಪ ಮುಂದಕ್ಕೆ ಹಾಕಮ್ಮ" ಎಂದರು ನನಗೆ.

ಹಾಕಿದೆ. ತಿರುಗಿ ನೋಡುವಷ್ಟರಲ್ಲಿ ಚಮಚ ಖಾಲಿಯಾಗಿತ್ತು. ದೊಡ್ಡಮ್ಮ ಕಣ್ಣು ಕೆಳಗೆ ಹಾಕಿ ನಿಧಾನವಾಗಿ ನುಂಗುತ್ತಿದ್ದರು. ದೊಡ್ಡಪ್ಪ ಉತ್ತರಪತ್ರಿಕೆ ಕೊಟ್ಟ ಹುಡುಗನ ಹಾಗೆ ಅವರ ಮುಖವನ್ನೇ ನೋಡುತ್ತಿದ್ದರು.

"ಹೇಗಿದೆ?"

ದೊಡ್ಡಮ್ಮ ರುಚಿಯ ಮಾತೇ ಎತ್ತಲಿಲ್ಲ.

"ನಮ್ಮ ಮದುವೆ ದಿನ ಭೂಮದ ಊಟದಲ್ಲಿ ನೀವು ನನಗೆ ತಿನ್ನಿಸ್ಲೇ ಇಲ್ಲ" ಎಂದರು. "ಗಂಡು ಹೆಣ್ಣು ಒಬ್ಬರಿಗೊಬ್ಬರು ಸಿಹಿ ತಿನ್ನಿಸ್ರಿ ಅಂತ ಎಲ್ಲರೂ ಕೂಗಿದ್ರು. ನೀವು ಹೋಳಿಗೆ ಚೂರು ಮುರಿದು ನನ್ನ ಎಲೆ ಮೇಲೆ ಇಟ್ಬಿಟ್ರಿ."

"ಅಷ್ಟು ಜನ ನೋಡ್ತಿದ್ರಲ್ಲೇ..."

"ನಾನು ಬಾಯಿ ತೆಗೆದಿದ್ದೆ ಕಣ್ರೀ."

ದೊಡ್ಡಪ್ಪ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿ, ಹಾಕಿಕೊಂಡು, ಚಮಚದ ತುಂಬ ತುಂಬಿಕೊಂಡು ಮತ್ತೆ ಮುಂದೆ ಹಿಡಿದರು. ದೊಡ್ಡಮ್ಮ ಬಾಯಿ ತೆಗೆದರು.