ಚಪ್ಪಾಳೆ ತಟ್ಟದ ಊರು

ಒಂದೇ ಮೈಯಲ್ಲಿ ಡಾಕ್ಟರೂ ಎಂ.ಎಲ್.ಎ.ಯೂ ವಾಸವಾಗಿರುವುದೆಂದರೆ ಒಂದೇ ಮನೆಯಲ್ಲಿ ಇಬ್ಬರು ಮನೆಯಳಿಯಂದಿರು ಇದ್ದ ಹಾಗೆ. ಇಬ್ಬರಿಗೂ ಮರ್ಯಾದೆ ಬೇಕು, ಒಬ್ಬರ ಮುಖ ಕಂಡರೆ ಇನ್ನೊಬ್ಬರಿಗಾಗದು. ಡಾಕ್ಟರಿಗೆ ಕಹಿ ಕುಡಿಸಿ ಅಭ್ಯಾಸ, ಎಂ.ಎಲ್.ಎ.ಗೆ ‘ಆಗಲಿ, ನೋಡೋಣ’ ಎಂದು ಸಿಹಿ ಹಂಚಿ ಅಭ್ಯಾಸ. ರಾಜಾಜಿನಗರದ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ದವಾಖಾನೆ, ಅದೇ ನನ್ನ ಕಚೇರಿ, ಎರಡಕ್ಕೂ ಸೇರಿ ಒಂದೇ ಬೆಂಚು. ಅದರ ಮೇಲೆ ಕೂತವರಲ್ಲಿ ಜ್ವರ ಬಂದವರು ಯಾರು, ಅರ್ಜಿ ತಂದವರು ಯಾರು ಎಂದು ಗುರುತು ಹಿಡಿಯುವುದು ಕಷ್ಟ; ಇಬ್ಬರ ಮುಖವೂ ಒಂದೇ ತರಹ ಬಾಡಿರುತ್ತದೆ. ಬೀದಿಗೆ ನಲ್ಲಿ ಕೇಳಲು ಬಂದವರಿಗೆ ‘ನಾಲಗೆ ಚಾಚಿ’ ಎಂದಿದ್ದೇನೆ. ಸರ್ಕಾರಿ ನಲ್ಲಿಗೆ ಇದೂ ಒಂದು ಕ್ರಮವಿರಬೇಕು ಅಂದುಕೊಂಡು, ಪಾಪ, ಚಾಚಿದ್ದಾರೆ. ಒಮ್ಮೆ ಅಸೆಂಬ್ಲಿಯ ಪಡಸಾಲೆಯಲ್ಲಿ ಮಂತ್ರಿಯೊಬ್ಬರು ಕೈಕುಲುಕಲು ಬಂದರೆ ನಾನು ಅವರ ನಾಡಿ ಹಿಡಿದು ನಿಂತುಬಿಟ್ಟೆ. ಓಡುತ್ತಿತ್ತು. ಖಾತೆ ಬದಲಾಗುತ್ತದೆಂಬ ಸುದ್ದಿ ಅವತ್ತೇ ಹಬ್ಬಿತ್ತು.

ಇದಕ್ಕಿಂತ ದೊಡ್ಡ ತೊಂದರೆ ನಿಂಬೆಹಣ್ಣಿನದು. ನಮ್ಮ ಕಡೆ ದೊಡ್ಡವರನ್ನು ನೋಡಲು ಯಾರೂ ಬರಿಗೈಯಲ್ಲಿ ಬರುವುದಿಲ್ಲ, ಒಂದು ನಿಂಬೆಹಣ್ಣಾದರೂ ಕೈಗಿಡುತ್ತಾರೆ. ನಾನು ಗೆದ್ದ ದಿನದಿಂದ ನಮ್ಮ ಮನೆಯಲ್ಲಿ ಬೆಳಗ್ಗೆ ಚಿತ್ರಾನ್ನ, ಮಧ್ಯಾಹ್ನ ನಿಂಬೆಹುಳಿ ಸಾರು, ಸಂಜೆ ಪಾನಕ. ಉಳಿದದ್ದಕ್ಕೆಲ್ಲ ನನ್ನ ಹೆಂಡತಿ ಕಮಲ ಉಪ್ಪಿನಕಾಯಿ ಹಾಕುತ್ತಾಳೆ. “ನಿಮ್ಮ ಮತದಾರರು ಒಂದ್ಸಲನಾದ್ರೂ ಬದನೆಕಾಯಿ ತರಬಾರದಾ?” ಎಂದು ಕೇಳುತ್ತಾಳೆ. ಪ್ರಜಾಪ್ರಭುತ್ವ ಹುಳಿ ಎಂಬುದನ್ನು ನಮ್ಮ ಮನೆಯಷ್ಟು ಅರಿತವರು ಇರಲಾರರು.

ನನ್ನ ಕ್ಷೇತ್ರದ ಅಂಚಿನಲ್ಲಿ, ಹೇರೋಹಳ್ಳಿಯಿಂದಲೂ ಆಚೆ, ಹುಣಸೆಪಾಳ್ಯ ಎಂಬ ಊರು. ಅಲ್ಲಿನ ಪಟೇಲ ದೊಡ್ಡಬೋರಯ್ಯ ಒಂದು ಬೆಳಗ್ಗೆ ನಿಂಬೆಹಣ್ಣು ಹಿಡಿದು ಬಂದರು. ಊರಿಗೆ ಹೊಸದಾಗಿ ವಿದ್ಯುತ್ ದೀಪ ಬಂದಿತ್ತು. ಕಂಬ ನೆಟ್ಟು, ತಂತಿ ಎಳೆದು, ಬಲ್ಬನ್ನೂ ಹಾಕಿಯಾಗಿತ್ತು. ನಾನು ಹೋಗಿ ಸ್ವಿಚ್ಚು ಒತ್ತಬೇಕು.

“ಕಲ್ಲೂ ಕೆತ್ಸಿಬಿಟ್ಟಿದೀವಿ ಬುದ್ದಿ, ನಿಮ್ ಹೆಸ್ರಲ್ಲಿ” ಎಂದರು.

ನಮ್ಮ ಕ್ಷೇತ್ರದ ಪದ್ಧತಿ ಇದು. ಬೇರೆ ಕಡೆ ಸಮಾರಂಭ ಮುಗಿದ ಮೇಲೆ ಕಲ್ಲು. ನಮ್ಮಲ್ಲಿ ಮೊದಲು ಕಲ್ಲು, ಆಮೇಲೆ ಆಹ್ವಾನ. ‘ಇಂಥವರ ಅಮೃತಹಸ್ತದಿಂದ’ ಎಂದು ಕೆತ್ತಿಸಿ ಊರಬಾಗಿಲಲ್ಲಿ ನಿಲ್ಲಿಸಿಬಿಟ್ಟರೆ ದೊಡ್ಡ ಮನುಷ್ಯ ತಪ್ಪಿಸಿಕೊಳ್ಳುವ ಹಾಗಿಲ್ಲ. ಆದರೆ ಆ ಕಲ್ಲು ಊರವರನ್ನೂ ಕಟ್ಟಿಹಾಕುತ್ತದೆ ಎಂಬುದು ಪಟೇಲರಿಗೆ ಹೊಳೆದಿರಲಿಲ್ಲ. ನನಗೆ ಹೊಳೆಯಿತು.

ಆಗ ಆ ಕಡೆಯ ಊರುಗಳಲ್ಲಿ ಸಿಡುಬು ಕಾಣಿಸಿಕೊಂಡಿತ್ತು. ಹುಣಸೆಪಾಳ್ಯದ ಪಕ್ಕದ ಊರಿನಲ್ಲಿ ಒಂದು ಮಗು ನನ್ನ ಕಣ್ಣೆದುರಿಗೇ ತೀರಿಕೊಂಡಿತ್ತು. ಅದಕ್ಕೆ ದಾಕು ಹಾಕಿಸಿರಲಿಲ್ಲ. ತೋಳಿನ ಚರ್ಮವನ್ನಿಷ್ಟು ಗೀರಿ ಮದ್ದು ಹಚ್ಚಿದ್ದರೆ ಉಳಿಯುತ್ತಿದ್ದ ಮಗು. ನನಗೆ ಆ ಸಾವಿನ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿರಲಿಲ್ಲ. ಹುಣಸೆಪಾಳ್ಯದವರೋ, ದಾಕು ಹಾಕುವ ಸರ್ಕಾರದವರನ್ನು ಊರ ಹೊರಗಿನಿಂದಲೇ ಕಳಿಸಿಬಿಟ್ಟಿದ್ದರು.

“ಊರಿನ ಪ್ರತಿಯೊಬ್ಬರೂ ದಾಕು ಹಾಕಿಸ್ಕೊಳ್ಳಿ, ಬಂದು ಸ್ವಿಚ್ ಒತ್ತುತೀನಿ. ಇಲ್ಲದಿದ್ರೆ ಬರಲ್ಲ” ಎಂದೆ.

ಪಟೇಲರ ಮೀಸೆ ಅಲುಗಿತು. “ಅಮ್ಮನ ಪೂಜೆ ಆಗೋಗಂಟ ಊರ್ನಾಗೆ ಯಾರ್ ಮೈಗೂ ಸೂಜಿ ತಾಕ್ಸಲ್ಲ ಅಂತ ಮಾರಮ್ಮನ ಮುಂದೆ ಹೇಳ್ಬಿಟ್ಟಿದೀನಿ. ತಾಕ್ಸುದ್ರೆ ಅಮ್ಮ ಮುನಿಸ್ಕತಾಳೆ.”

“ಹಾಗಾದ್ರೆ ಕತ್ತಲಲ್ಲೇ ಇರಿ.”

“ಇರ್ತೀವಿ ಬುದ್ದಿ. ನಮ್ ತಾತನ್ ಕಾಲದಿಂದ ಇದ್ದೀವಿ” ಎಂದು ಎದ್ದರು. ಹೋಗುವಾಗ ನಿಂಬೆಹಣ್ಣನ್ನು ಮೇಜಿನಿಂದ ತೆಗೆದುಕೊಂಡರು. ಕಮಲ ಒಳಗಿನಿಂದ, “ಸದ್ಯ” ಎಂದಳು.

ಸುದ್ದಿ ಹಬ್ಬಲು ಎಷ್ಟು ಹೊತ್ತು. ನಮ್ಮ ಪಕ್ಷದ ಅಧ್ಯಕ್ಷರು ಜಟಕಾ ಮಾಡಿಕೊಂಡು ಮನೆಗೇ ಬಂದರು. ಅವರದು ಸದಾ ಮೆದು ಮಾತು, ಬೈಯುವಾಗಲಂತೂ ಇನ್ನೂ ಮೆದು.

“ಡಾಕ್ಟ್ರೇ, ಚುನಾವಣೆ ಹತ್ತಿರ ಬರ್ತಾ ಇದೆ. ಸೂಜಿ ಚುಚ್ಚಿ ಓಟು ಕೇಳೋಕಾಗತ್ತೇನ್ರೀ? ಓಟು ಹಾಕಿಸ್ಕೊಂಡ್ಮೇಲೆ ಎಲ್ಲಿಗೆ ಬೇಕಾದ್ರೂ ಚುಚ್ಚಿ.”

“ಸಿಡುಬು ಚುನಾವಣೆವರೆಗೂ ಕಾಯಲ್ಲ ಸಾರ್.”

“ಟಿಕೆಟ್ಟೂ ಕಾಯಲ್ಲ.”

“ಹೋಗಲಿ ಬಿಡಿ. ಸೋತರೆ ನನಗೆ ಈ ಬೆಂಚಿದೆ. ನಿಮಗೇನಿದೆ?” ಎಂದುಬಿಟ್ಟೆ. ಹೇಳಬಾರದಿತ್ತು, ಹೇಳಿದ ಮೇಲೆ ಬಹಳ ಹಿತವಾಯಿತು. ಅವರಿಗೆ ಒಂದು ಜಾಡಿ ಉಪ್ಪಿನಕಾಯಿ ಕೊಟ್ಟು ಕಳಿಸಿದೆವು.

ಕಮಲಳದು ಬೇರೆಯೇ ತಕರಾರು. “ಆ ಮಕ್ಕಳು ಬುಡ್ಡಿ ದೀಪದ ಹೊಗೇಲಿ ಓದ್ತಾ ಕೂತಿವೆ. ದೀಪ ಏನು ನಿಮ್ಮಪ್ಪನ ಮನೇದಾ ಹಿಡಿದಿಟ್ಕೊಳ್ಳೋಕೆ?” ಎಂದಳು. “ಓದೋಕೆ ಮಕ್ಕಳು ಉಳೀಬೇಕಲ್ಲ” ಎಂದೆ. ಅವಳು ದೀಪ ಆರಿಸಿ ಮಲಗಿದಳು, ನನಗೆ ಮಾತ್ರ ನಿದ್ದೆ ಬರಲಿಲ್ಲ. ಹುಣಸೆಪಾಳ್ಯದವರು ತಾವೇ ಸ್ವಿಚ್ಚು ಒತ್ತಿಕೊಳ್ಳಬಹುದಿತ್ತು. ಒತ್ತಲಿಲ್ಲ. ಕಲ್ಲಿನಲ್ಲಿ ನನ್ನ ಹೆಸರಿದ್ದ ಮೇಲೆ ಬೇರೆಯವರು ಒತ್ತಿದರೆ ಊರಿನ ಮಾನ ಹೋಗುತ್ತದಂತೆ. ಅಂಥ ಜನದ ಮೇಲೆ ಸಿಟ್ಟು ಮಾಡಿಕೊಳ್ಳುವುದು ಹೇಗೆ, ಬಿಡುವುದು ಹೇಗೆ?

ಹೀಗಿರುವಾಗ ಒಂದು ಬೆಳಗ್ಗೆ ಮೊಸರು ಮಾರಲು ಬಂದ ಹೆಂಗಸೊಬ್ಬಳು ಸೆರಗಿನಲ್ಲಿ ಕೂಸನ್ನು ಮುಚ್ಚಿಕೊಂಡು ನಮ್ಮ ಹಿತ್ತಿಲ ಬಾಗಿಲಿಗೆ ಬಂದಳು. ಹುಣಸೆಪಾಳ್ಯದವಳು. “ಆಚೆ ಊರಲ್ಲಿ ಕೂಸು ಹೋಯ್ತಂತಲ್ಲ ಬುದ್ದಿ, ಆವತ್ನಿಂದ ನಂಗೆ ಅನ್ನ ಸೇರ್ತಿಲ್ಲ. ಇದಕ್ಕೂ ನಂಗೂ ಹಾಕ್ಬಿಡಿ. ಪಟೇಲ್ರಿಗೆ ಗೊತ್ತಾಗ್ಬಾರ್ದು. ನನ್ ಗಂಡಂಗಂತೂ ಗೊತ್ತಾಗ್ಲೇಬಾರ್ದು” ಎಂದಳು. ನನ್ನಿಂದ ಆಣೆ ಮಾಡಿಸಿಕೊಂಡೇ ತೋಳು ಚಾಚಿದ್ದು. ಮರುದಿನ ಸೊಪ್ಪಿನ ಬುಟ್ಟಿಯವಳು ಮೂರು ಮಕ್ಕಳೊಂದಿಗೆ ಬಂದಳು. ಅವಳಿಗೂ ಅದೇ ಭಯ, ಅದೇ ಆಣೆ. ಅದರ ಮರುದಿನ ಮೊಸರಿನವಳ ಗಂಡನೇ ಬಂದ. “ನನ್ ಹೆಂಡ್ರಿಗೆ ಗೊತ್ತಾದ್ರೆ ಮನೆಗೆ ಸೇರ್ಸಲ್ಲ ಸ್ವಾಮಿ” ಎಂದ. ಕಮಲ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದಳು.

ಆಮೇಲೆ ಸಾಲುಗಟ್ಟಿತು. ಒಬ್ಬರು ಅಡಿಗೆಮನೆಯಲ್ಲಿದ್ದರೆ ಇನ್ನೊಬ್ಬರು ದನದ ಕೊಟ್ಟಿಗೆಯಲ್ಲಿ, ಮತ್ತೊಬ್ಬರು ಬಚ್ಚಲಿನಲ್ಲಿ. ಒಬ್ಬರ ಕಣ್ಣಿಗೆ ಇನ್ನೊಬ್ಬರು ಬೀಳದಂತೆ ಕರೆದು ಕೂರಿಸಿ ಕಳಿಸುವುದರಲ್ಲಿ ಕಮಲಳಿಗೆ ಬಂದ ಚಾಣಾಕ್ಷತೆ ನಮ್ಮ ಪಕ್ಷದ ಯಾವ ಮುಖಂಡರಿಗೂ ಇಲ್ಲ. ಪ್ರತಿಯೊಬ್ಬರೂ ತಾವೊಬ್ಬರೇ ಊರಿಗೆ ದ್ರೋಹ ಮಾಡುತ್ತಿದ್ದೇವೆ ಎಂದು ನಡುಗುತ್ತ ಬಂದು, ನಿಂಬೆಹಣ್ಣು ಕೊಟ್ಟು, ಎಡತೋಳಿಗೆ ದಾಕು ಹಾಕಿಸಿಕೊಂಡು ಹೋದರು. ಊರು ಪೂರ್ತಿ ಮುಗಿಯಿತು, ಒಬ್ಬರನ್ನು ಬಿಟ್ಟು. ಆ ಒಬ್ಬರು ಕೊನೆಗೆ ಕಂಬಳಿ ಹೊದ್ದು ಹಿತ್ತಿಲಿಗೆ ಬಂದರು. ಕಂಬಳಿ ತೆಗೆದಾಗ ಮೊದಲು ಮೀಸೆ ಕಂಡಿತು.

“ಮೊಮ್ಮಗೀನ ಎತ್ಕಂಡು ಓಡಾಡೋನು ನಾನು ಬುದ್ದಿ. ನನ್ನಿಂದ ಅದಕ್ಕೆ ಅಂಟಿದ್ರೆ?” ಎಂದರು ಪಟೇಲರು. ಎಡತೋಳಿನ ಅಂಗಿ ಮೇಲಕ್ಕೆ ಸರಿಸಿದರು. “ಅಮ್ಮ ನನ್ನೊಬ್ಬನ್ನ ಬೇಕಾದ್ರೆ ಕೇಳ್ಕಳ್ಲಿ. ಊರೋರು ಮಾತ್ರ ನನ್ ಮಾತ್ ನಂಬ್ಕಂಡು ಕೂತವ್ರೆ. ಅವ್ರಿಗೆ ತಿಳೀಬಾರ್ದು.”

ನಾನು ಆಣೆ ಮಾಡಿದೆ. ಅವರ ಮೊಮ್ಮಗನಿಗೆ ಹಿಂದಿನ ವಾರವೇ ಅವರ ಸೊಸೆ ದಾಕು ಹಾಕಿಸಿಕೊಂಡು ಹೋಗಿದ್ದಳು ಎಂಬುದನ್ನೂ ಹೇಳಲಿಲ್ಲ. ಡಾಕ್ಟರಾದವನಿಗೆ ರೋಗಿಯ ಗುಟ್ಟು ಹೊಟ್ಟೆಯಲ್ಲೇ ಇರಬೇಕು.

ನನ್ನ ಷರತ್ತು ಈಡೇರಿತ್ತು. ಇನ್ನು ಮಕ್ಕಳನ್ನು ಕತ್ತಲಲ್ಲಿ ಕೂಡಿಸಲು ನನಗೆ ಹಕ್ಕಿರಲಿಲ್ಲ. ಮುಂದಿನ ವಾರ ಬರುತ್ತೇನೆಂದು ಹೇಳಿಕಳಿಸಿದೆ.

ಹುಣಸೆಪಾಳ್ಯದಲ್ಲಿ ಚಪ್ಪರ ಹಾಕಿದ್ದರು. ನಾನು ಮಣಿದ ಚೆಂದ ನೋಡಲು ಪಕ್ಷದ ಅಧ್ಯಕ್ಷರೂ ಬಂದಿದ್ದರು. ಪಟೇಲರು ಎದ್ದು ನಿಂತು ಗಂಟಲು ಸರಿಮಾಡಿಕೊಂಡರು.

“ಡಾಕ್ಟ್ರು ಹಟ ಹಿಡಿದ್ರು. ನಾವೂ ಹಿಡಿದ್ವಿ. ನಮ್ಮೂರ್ನಾಗೆ ಇವತ್ತಿನ್ಗಂಟ ಒಬ್ರ ಮೈಗೂ ಸೂಜಿ ತಾಕಿಲ್ಲ. ಕೊನೆಗೆ ಅವ್ರೇ ಬಂದವ್ರೆ. ದೊಡ್ಡ ಮನ್ಸ, ಸೋಲೊಪ್ಕಂಡವ್ರೆ.”

ಊರಿಗೆ ಊರೇ ಹೆಮ್ಮೆಯಿಂದ ತಲೆಯಾಡಿಸಿತು. ಅಸೆಂಬ್ಲಿಯಲ್ಲಿ ಕೂತಲ್ಲಿ ಕೂರದೆ ಕೂಗಾಡುವ ನಾನು ಬಾಯಿಗೆ ಬೀಗ ಹಾಕಿಕೊಂಡು ಕೂತೆ. ಪಟೇಲರು ಒಂದೇ ಕೈಯಲ್ಲಿ ಹಾರ ಹಾಕಿದರು. ನಾನು ಹೋಗಿ ಸ್ವಿಚ್ಚು ಒತ್ತಿದೆ. ಬೀದಿಯುದ್ದಕ್ಕೂ ದೀಪ ಹತ್ತಿತು. ಮಕ್ಕಳು ಹೋ ಎಂದವು. ಈಗ ಚಪ್ಪಾಳೆ ಬರುತ್ತದೆ ಎಂದು ಕೈಮುಗಿದು ನಿಂತೆ.

ಬರಲಿಲ್ಲ. ಜನ ಬಲಗೈಯನ್ನೇನೋ ಎತ್ತಿದರು, ಎಡಗೈ ಮೇಲೇಳಲಿಲ್ಲ. ದಾಕು ಹಾಕಿದ ಮೇಲೆ ಒಂದೆರಡು ವಾರ ತೋಳು ಬಾತು, ನೋವು ತಡೆಯಲಾಗದ ದಿನಗಳು ಅವು. ಬಲಗೈಯಿಂದ ತೊಡೆ ತಟ್ಟಿದವರು ಕೆಲವರು, ಸುಮ್ಮನೆ ಕೆಳಗಿಳಿಸಿದವರು ಕೆಲವರು. ಕೂಸನ್ನು ಯಾವಾಗಲೂ ಎಡಸೊಂಟದ ಮೇಲೆ ಹೊರುವ ಹೆಂಗಸರು ಅವತ್ತು ಒಬ್ಬರೂ ತಪ್ಪದೆ ಬಲಸೊಂಟದ ಮೇಲೆ ಹೊತ್ತು ನಿಂತಿದ್ದರು. ಪಕ್ಕದವರು ಯಾಕೆ ತಟ್ಟುತ್ತಿಲ್ಲ ಎಂದು ಯಾರೂ ಕೇಳಿಕೊಳ್ಳಲಿಲ್ಲ.

ಅಧ್ಯಕ್ಷರು ನನ್ನ ಕಿವಿಯ ಬಳಿ ಬಾಗಿದರು. “ನೋಡಿದ್ರಾ ಡಾಕ್ಟ್ರೇ? ಒಂದು ಚಪ್ಪಾಳೆ ಇಲ್ಲ. ನಿಮ್ಮ ಹಟದಿಂದ ಈ ಊರು ಕೈಬಿಟ್ಟು ಹೋಯ್ತು.”

“ಹೋಗಲಿ ಬಿಡಿ” ಎಂದೆ. ನನ್ನ ಕಣ್ಣು ತುಂಬಿ ಬಂದಿತ್ತು. ಅವರು ಅದನ್ನು ಸೋಲಿನ ದುಃಖವೆಂದು ತಿಳಿದು ಬೆನ್ನು ತಟ್ಟಿದರು.

ಆ ವರ್ಷ ಸಿಡುಬು ಹುಣಸೆಪಾಳ್ಯದ ಒಂದು ಮಗುವನ್ನೂ ಮುಟ್ಟಲಿಲ್ಲ. ಊರವರು ಅದನ್ನು ಪಟೇಲರ ಹರಕೆಯ ಫಲ ಎಂದರು. ಪಟೇಲರೂ ಹಾಗೇ ಎಂದರು. ನನ್ನೊಳಗಿನ ಡಾಕ್ಟರಿಗೆ ಇದರಿಂದ ಎಳ್ಳಷ್ಟೂ ಬೇಸರವಿಲ್ಲ, ಅವನು ಗೊರಕೆ ಹೊಡೆದು ಮಲಗುತ್ತಾನೆ. ಇನ್ನೊಬ್ಬ ಅಳಿಯ, ಆ ಎಂ.ಎಲ್.ಎ.ಯದೇ ಕಾಟ. ಇಂದಿಗೂ ಮಗ್ಗುಲು ಬದಲಿಸುವಾಗ ಎಬ್ಬಿಸಿ ಕೇಳುತ್ತಾನೆ: ಹೇಗೂ ಅಷ್ಟು ದಿನ ಕತ್ತಲಲ್ಲಿದ್ದರಲ್ಲಯ್ಯಾ, ಅವರ ತೋಳು ವಾಸಿಯಾಗುವವರೆಗೆ ತಡೆದು ಹೋಗಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?