ಚಿಕ್ಕಮ್ಮನ ಕುಂಬಳಕಾಯಿ ಸಂಸಾರ

ನಮ್ಮ ಚಿಕ್ಕಮ್ಮನಿಗೆ ಸ್ವಲ್ಪ ಹುಚ್ಚು ಎಂದು ನಾನು ಹೇಳಿದರೆ ನೀವು ನಂಬಬೇಕಿಲ್ಲ. ಶಿವಾಜಿನಗರದ ಮಾರುಕಟ್ಟೆಯಲ್ಲಿ ಬೂದುಗುಂಬಳ ಮಾರುವ ಭಾಯ್ ಅವರನ್ನೇ ಕೇಳಿ. ಬೇರೆಯವರು ಮಜ್ಜಿಗೆ ಹುಳಿಗೋ ಕಾಶಿ ಹಲ್ವಕ್ಕೋ ಕಾಯಿ ಆರಿಸಿದರೆ, ಈಕೆ ಒಂದೊಂದನ್ನೂ ಎತ್ತಿ, ತಿರುಗಿಸಿ, ತಟ್ಟಿ, "ಎರಡು ತಿಂಗಳು ಕೊಳೀದೆ ಇರತ್ತೇನ್ರೀ ಭಾಯ್?" ಎನ್ನುತ್ತಾಳೆ.

"ಎರಡು ತಿಂಗಳು ಇಟ್ಕೊಂಡು ಏನ್ ಮಾಡ್ತೀರಾ ಅಮ್ಮಾ?"

"ಹುಳ ಸಾಕ್ತೀನಿ."

ಜೀವಮಾನವಿಡೀ ಹುಳವಿಲ್ಲದ ಕಾಯಿ ಮಾರಿದ ಮನುಷ್ಯನಿಗೆ ಹೇಗಾಗಿರಬೇಡ!

ಹುಳ ಎಂದರೆ ಹಿಟ್ಟು ತಿಗಣೆ. ದಾಸವಾಳದ ಗಿಡಕ್ಕೆ ಬೆಳ್ಳಗೆ ಅಂಟಿಕೊಳ್ಳುತ್ತದಲ್ಲ, ಅದೇ. ಊರೆಲ್ಲ ಸೋಪಿನ ನೀರು ಎರಚಿ ಅದನ್ನು ಕೊಂದರೆ ಚಿಕ್ಕಮ್ಮ ಕುಂಬಳಕಾಯಿ ಕೊಟ್ಟು ಸಾಕುತ್ತಾಳೆ. ಅವಳದು ಸಿ.ವಿ. ರಾಮನ್ ನಗರದ ಕಡೆ ಒಂದು ಪ್ರಯೋಗಾಲಯದಲ್ಲಿ ಟೆಕ್ನಿಷಿಯನ್ ಕೆಲಸ. ಇಪ್ಪತ್ತೆಂಟು ವರ್ಷ ಪಿಎಚ್.ಡಿ. ಮಾಡುವ ಹುಡುಗ ಹುಡುಗಿಯರಿಗೆ ಸ್ಲೈಡು ತಯಾರಿಸಿ ಕೊಟ್ಟು, ಐವತ್ತೆರಡನೆಯ ವಯಸ್ಸಿನಲ್ಲಿ ತಾನೇ ಪಿಎಚ್.ಡಿ.ಗೆ ಸೇರಿಕೊಂಡಳು! ವಿಷಯ, ಜೀನ್‌ಗಳ ಬಾಯಿ ಮುಚ್ಚಿಸುವುದು ಹೇಗೆ. ಬಾಯಿ ಮುಚ್ಚಿಸುವುದರಲ್ಲಿ ಅವಳಿಗಿರುವ ಅನುಭವಕ್ಕೆ ನೇರವಾಗಿ ಡಾಕ್ಟರೇಟ್ ಕೊಡಬಹುದಿತ್ತೆಂದು ಚಿಕ್ಕಪ್ಪನ ಅಭಿಪ್ರಾಯ.

ನನಗೆ ಅರ್ಥವಾಗಲಿಲ್ಲ ಎಂದು ಅಪ್ಪಿತಪ್ಪಿ ಒಮ್ಮೆ ಹೇಳಿಬಿಟ್ಟೆ. ಸರಿ, ಬೀರುವಿನಿಂದ ಧಾರೆ ಸೀರೆ ಹೊರಗೆ ಬಂತು.

"ಇದು ಜೀನ್ ಅಂದ್ಕೋ. ಇದಕ್ಕೆ 'ಮುಟ್ಟಬೇಡಿ' ಅಂತ ಒಂದು ಚೀಟಿ ಅಂಟಿಸ್ತೀನಿ. ಅದೇ ಮೀಥೈಲ್ ಗುರುತು, ಡಿಎನ್‌ಎ ಮೇಲೆ ಕೂರೋ ಚಿಕ್ಕ ರಾಸಾಯನಿಕ. ಆಮೇಲೆ ಕೆಲವು ಪ್ರೋಟೀನ್ ಬರ್ತವೆ. ಚೀಟಿ ಓದಿ, ಸೀರೇನ ಬಿಗಿಯಾಗಿ ಮಡಚಿ, ಗಂಟು ಕಟ್ಟಿ ಮೂಲೆಗೆ ತಳ್ತವೆ. ಸೀರೆ ಹರಿದಿಲ್ಲ, ಕಳೆದೂ ಹೋಗಿಲ್ಲ. ಆದ್ರೆ ಉಡೋಕೆ ಸಿಗಲ್ಲ. ಗೊತ್ತಾಯ್ತಾ?"

"ಆ ಪ್ರೋಟೀನು ನಾನೇ ಕಣೋ," ಎಂದರು ಚಿಕ್ಕಪ್ಪ. "ಮದುವೆ ಆದಾಗಿಂದ ಮಡಚಿ ಇಡ್ತಾನೇ ಇದ್ದೀನಿ."

ಹಿಟ್ಟು ತಿಗಣೆಯ ವಿಶೇಷವೇನೆಂದರೆ, ಗಂಡಿನಲ್ಲಿ ಅಪ್ಪನಿಂದ ಬಂದ ವರ್ಣತಂತುಗಳಷ್ಟೂ ಹೀಗೆ ಗಂಟಾಗಿ ಮೂಲೆ ಸೇರುತ್ತವೆ. ಅಮ್ಮನಿಂದ ಬಂದದ್ದರದೇ ದರ್ಬಾರು! ಆದರೆ ಇದು ಅಪ್ಪನದು, ಇದು ಅಮ್ಮನದು ಎಂದು ಪ್ರೋಟೀನುಗಳಿಗೆ ಗೊತ್ತಾಗುವುದು ಯಾವ ಗುರುತಿನಿಂದ? ಚಿಕ್ಕಮ್ಮ ತಲೆ ಕೆಡಿಸಿಕೊಂಡಿದ್ದು ಇದಕ್ಕೇ.

ಅವಳೊಬ್ಬಳೇ ಕೆಡಿಸಿಕೊಂಡಿದ್ದರೆ ಚೆನ್ನಾಗಿತ್ತು. ನನಗೆ ಹೆಣ್ಣು ನೋಡಲು ಬಾಣಸವಾಡಿಗೆ ಹೋದಾಗ ಹುಡುಗಿಯ ತಾಯಿ ಮಾತಿಗೆಂದು, "ಹುಡುಗ ತಂದೆ ಥರಾನಾ?" ಎಂದರು.

"ಮನುಷ್ಯರ ಮಾತು ಬಿಡಿ," ಎಂದು ಚಿಕ್ಕಮ್ಮ ಮುಂದಕ್ಕೆ ಸರಿದು ಕುಳಿತಳು. "ತಿಗಣೇಲಿ ಗಂಡಿಗೆ ಅಪ್ಪನ ಜೀನೆಲ್ಲ ಬಂದ್! ದೊಡ್ಡದಾದ್ಮೇಲೆ ಅದಕ್ಕೆ ಬಾಯೂ ಇರಲ್ಲ, ಊಟಾನೂ ಇಲ್ಲ. ರೆಕ್ಕೆ ಬರತ್ತೆ, ಮದುವೆ ಆಗತ್ತೆ, ಎರಡು ಮೂರು ದಿನದಲ್ಲಿ ಸಾಯತ್ತೆ."

ಹುಡುಗಿಯ ತಂದೆ ಕೇಸರಿಬಾತಿನ ತಟ್ಟೆ ಕೆಳಗಿಟ್ಟು ನನ್ನ ಬಾಯನ್ನೇ ನೋಡತೊಡಗಿದರು. ಆ ಸಂಬಂಧ ಮುಂದುವರಿಯಲಿಲ್ಲವೆಂದು ಬೇರೆ ಹೇಳಬೇಕೆ?

ಮೊದಲು ಈ ತಿಗಣೆಗಳ ಅರ್ಧ ಸಂಸಾರ ಚಿಕ್ಕಮ್ಮನ ವಿಮಾನಪುರದ ಮನೆಯ ಬಾಲ್ಕನಿಯಲ್ಲಿತ್ತು. ಒಂದು ದಿನ ಅವು ಕೆಳಗಿನ ಮನೆಯ ದಾಸವಾಳಕ್ಕೆ ವಲಸೆ ಹೋದವು. ಪೂಜೆಗೆ ಹೂವಿಲ್ಲದಂತಾದ ಆ ಮನೆಯ ಅಜ್ಜಿ ಮೆಟ್ಟಿಲ ಮೇಲೆ ನಿಂತು ಮಾಡಿದ ಮಂಗಳಾರತಿ ಇಡೀ ಬೀದಿಗೆ ಕೇಳಿತು. ಅಂದಿನಿಂದ ಎಲ್ಲವೂ ಪ್ರಯೋಗಾಲಯದ ನೆಲಮಾಳಿಗೆ ಸೇರಿದವು. ಐದು ವರ್ಷ ಜೋಪಾನ ಮಾಡಿದ ತಳಿ, ಮೂರೇ ಮೂರು ಕಾಯಿಗಳ ಮೇಲೆ. ಕೊನೆಯ ಪ್ರಯೋಗ ಬಾಕಿಯಿತ್ತು. ಮಾರ್ಚ್‌ನಲ್ಲಿ ಚಿಕ್ಕಮ್ಮನಿಗೆ ನಿವೃತ್ತಿ. ಅಷ್ಟರೊಳಗೆ ಪ್ರಬಂಧ ಒಪ್ಪಿಸದಿದ್ದರೆ ನೋಂದಣಿ ರದ್ದು ಎಂದು ವಿಶ್ವವಿದ್ಯಾಲಯದ ಕಾಗದವೂ ಬಂದಿತ್ತು.

ಆಗ ಬಂತು ನೋಡಿ ಆಯುಧಪೂಜೆ!

ಅಂದು ನಮ್ಮ ಊರಿನಲ್ಲಿ ಕುಂಬಳಕಾಯಿ ಒಡೆಯದ ಗೇಟು ಯಾವುದಿದೆ? ಪ್ರಯೋಗಾಲಯದ ಡ್ರೈವರ್‌ಗೆ ಕಾಯಿ ಸಾಲದೆ ಬಂತು. ನೆಲಮಾಳಿಗೆಗೆ ಇಳಿದರೆ ಅಲ್ಲಿ ಮೂರು ಬೂದುಗುಂಬಳ! ಕಾಯಿಯ ಬೂದಿಯೂ ಬಿಳಿ, ತಿಗಣೆಯೂ ಬಿಳಿ. ಅದರ ಮೇಲೆ ಚಿಕ್ಕಮ್ಮ ಕೆಂಪು ಮಾರ್ಕರ್‌ನಲ್ಲಿ ನಂಬರು ಬೇರೆ ಬರೆದಿದ್ದಳು. ಯಾರೋ ಪುಣ್ಯಾತ್ಮರು ಕುಂಕುಮವನ್ನೂ ಹಚ್ಚಿಟ್ಟಿದ್ದಾರೆ ಎಂದುಕೊಂಡ ಪಾಪ.

ಹಬ್ಬದ ರಜೆಯಾದರೂ ಹುಳಗಳ ಯೋಗಕ್ಷೇಮ ನೋಡಬೇಕೆಂದು ನನ್ನ ಸ್ಕೂಟರ್ ಹತ್ತಿ ಬಂದ ಚಿಕ್ಕಮ್ಮನನ್ನು ಅವನೇ ಗೇಟಿನಲ್ಲಿ ಎದುರುಗೊಂಡ. "ಮೇಡಂ, ನಿಮ್ ಕಾಯಿ ಸೂಪರ್! ಒಂದೇ ಏಟಿಗೆ ಒಡೀತು. ಒಂದು ಬಸ್ಸಿಗೆ, ಒಂದು ಜೀಪಿಗೆ, ಒಂದು ಜನರೇಟರ್‌ಗೆ."

ಚಿಕ್ಕಮ್ಮ ಬೈಯುವ ಬದಲು, "ಚೂರು ಎಲ್ಲಿ?" ಎಂದಳು. ಅವಳು ಬೈಯದೇ ಹೋದದ್ದನ್ನು ಕಂಡು ನನಗೆ ನಿಜವಾಗಿ ಭಯವಾಯಿತು. ಬಸ್ಸಿನ ಕಾಯಿಯನ್ನು ಕಸದ ಗಾಡಿ ಒಯ್ದಿತ್ತು. ಜೀಪಿನದನ್ನು ಹಸು ಮುಗಿಸಿತ್ತು. ಜನರೇಟರ್ ಮುಂದೆ ಮಾತ್ರ ಚೂರುಗಳು ಬಿದ್ದಿದ್ದವು. ಚಿಕ್ಕಮ್ಮ ರೇಷ್ಮೆ ಸೀರೆಯಲ್ಲೇ ನೆಲಕ್ಕೆ ಮೊಣಕಾಲೂರಿ, ಭೂತಗನ್ನಡಿ ಹಿಡಿದು, ಒಂದೊಂದು ಚೂರಿನ ಸಿಪ್ಪೆಯನ್ನೂ ನೋಡತೊಡಗಿದಳು. ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ಹೆಂಗಸರು ಚಪ್ಪಲಿ ಬಿಟ್ಟು ಜನರೇಟರ್‌ಗೆ ಕೈಮುಗಿದರು. ವಿಷಯ ತಿಳಿದು ಮುಖ ಸಪ್ಪಗಾದ ಡ್ರೈವರ್ ತಾನೂ ಕುಕ್ಕರಗಾಲಲ್ಲಿ ಕುಳಿತ.

"ಮೇಡಂ, ಇಲ್ಲೊಂದು ಓಡಾಡ್ತಾ ಇದೆ!"

"ಅದು ಇರುವೆ ಕಣಪ್ಪಾ."

ಎರಡು ಗಂಟೆಯ ನಂತರ ಒಂದು ಕೂಗು ಕೇಳಿತು. "ಸಿಕ್ಕಿದ್ಲು ಕಣೋ!" ಒಬ್ಬಳಲ್ಲ, ಬದುಕಿದ್ದ ಏಳು ತಾಯಂದಿರು! ಮಾರನೆಯ ಬೆಳಿಗ್ಗೆ ಕಥೆಯೆಲ್ಲ ಕೇಳಿದ ಭಾಯ್ ಒಳಗಿನಿಂದ ಒಂದು ಭಾರೀ ಕಾಯಿ ತಂದು, "ಎರಡಲ್ಲ ಅಮ್ಮಾ, ಮೂರು ತಿಂಗಳು ಗ್ಯಾರಂಟಿ," ಎಂದರು. ಸಂಕ್ರಾಂತಿಯ ಹೊತ್ತಿಗೆ ಅದರ ಮೇಲೆ ಕಾಲಿಡಲು ಜಾಗವಿರಲಿಲ್ಲ. ಪ್ರಯೋಗ ಮುಗಿಯಿತು, ನಿವೃತ್ತಿಗೆ ಎರಡು ದಿನ ಮುಂಚೆ ಪ್ರಬಂಧವೂ ಹೋಯಿತು.

ಕೊನೆಗೆ ಮೌಖಿಕ ಪರೀಕ್ಷೆ. ಹೊರಗಿನಿಂದ ಬಂದಿದ್ದ ಪರೀಕ್ಷಕರು ಕನ್ನಡಕ ಏರಿಸಿ, "ನಿಮ್ಮ ತಳಿ ಮಧ್ಯದಲ್ಲಿ ಏಳೇ ಹೆಣ್ಣಿಗೆ ಇಳಿದಿದೆಯಲ್ಲ, ಏನು ಕಾರಣ?" ಎಂದರು.

"ಆಯುಧಪೂಜೆ ಸರ್."

"ಇದಕ್ಕೇನು ಆಧಾರ?"

ಹಿಂದಿನ ಸಾಲಿನಲ್ಲಿ ಡ್ರೈವರ್ ಎದ್ದು ನಿಂತ. "ನಾನೇ ಸರ್ ಒಡೆದಿದ್ದು!"

ಆಮೇಲೆ ಸಭಾಂಗಣ ನಗುವುದನ್ನು ನಿಲ್ಲಿಸಲು ಸ್ವಲ್ಪ ಹೊತ್ತು ಬೇಕಾಯಿತು. ಚಿಕ್ಕಮ್ಮ ಒಂದೇ ಒಂದು ಪ್ರಶ್ನೆಗೂ ತಡವರಿಸಲಿಲ್ಲ. ಡಾಕ್ಟರೇಟ್‌ಗೆ ಶಿಫಾರಸು ಮಾಡಿದ್ದೇವೆ ಎಂದು ಪರೀಕ್ಷಕರು ಘೋಷಿಸಿದಾಗ ಎಲ್ಲರಿಗಿಂತ ಜೋರಾಗಿ ಶಿಳ್ಳೆ ಹೊಡೆದವರು ನಮ್ಮ ಚಿಕ್ಕಪ್ಪ!

ಚಿಕ್ಕಪ್ಪ ಸಿಹಿ ತರಲು ಹೋದದ್ದರಿಂದ ಹಿಂದಿರುಗುವಾಗ ಆಟೋದಲ್ಲಿ ನಾನು, ಚಿಕ್ಕಮ್ಮ ಇಬ್ಬರೇ. ಹಲಸೂರು ಕೆರೆ ದಾಟಿದ ಮೇಲೆ ಅವಳು ನನ್ನ ಕಡೆ ತಿರುಗಿದಳು.

"ಮೂರು ಗಂಟೆ ಪ್ರಶ್ನೆ ಕೇಳಿದ್ರು ಕಣೋ."

"ಸುಸ್ತಾಯ್ತಾ ಚಿಕ್ಕಮ್ಮ?"

"ಇಲ್ಲ ಕಣೋ. ಮೂವತ್ನಾಲ್ಕು ವರ್ಷ ಅಲ್ಲಿ ಕೆಲಸ ಮಾಡ್ದೆ. 'ಸ್ಲೈಡ್ ಆಯ್ತಾ' ಅಂತ ಎಲ್ರೂ ಕೇಳೋರು. 'ನಿಮಗೇನು ಅನ್ಸತ್ತೆ' ಅಂತ ಒಬ್ರು ಕೇಳಿದ್ದು ಇವತ್ತೇ."

ಅಷ್ಟು ಹೇಳಿ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ನಾನು ಅವಳ ಕೈ ಹಿಡಿದುಕೊಂಡೆ. ಇಷ್ಟು ವರ್ಷ ಅವಳ ಪಕ್ಕದಲ್ಲೇ ಇದ್ದು ನಕ್ಕ ನಾನೂ ಆ ಪ್ರಶ್ನೆ ಕೇಳಿರಲಿಲ್ಲ.